ವಿಭೂತಿಯಿಂದ ತಿಕ್ಕಿದ ಹೆಡ್‌ಲೈಟು

ನಿನ್ನೆ ಸಿಂಧನೂರಿನ ಗುಜರಿ ಅಂಗಡಿಯಲ್ಲಿ ಹಳೆಯ ಹೆಡ್‌ಲೈಟೊಂದು ಕಂಡಿತು. ಕೈಗೆತ್ತಿಕೊಂಡರೆ ಎಲ್ಲಿಂದಲೋ ವಿಭೂತಿಯ ವಾಸನೆ ಬಂದಂತಾಯಿತು.

ಮಸ್ಕಿಯಲ್ಲಿ ನಮ್ಮಪ್ಪ ಹಳೆ ಗಾಡಿಗಳ ಹೆಡ್‌ಲೈಟು ರಿಪೇರಿ ಮಾಡುತ್ತಿದ್ದ. ಒಳಗಿನ ಮಂಕಾದ ಬಟ್ಟಲನ್ನು ಒದ್ದೆ ವಿಭೂತಿಯಿಂದ ತಿಕ್ಕಿ ಕನ್ನಡಿಯಂತೆ ಹೊಳೆಸುತ್ತಿದ್ದ. ಅಜ್ಜಿಗೆ ಸಿಟ್ಟು.

"ದೇವರ ವಿಭೂತಿ ಲಾರಿಗೆ ಬಳೀತಿಯೇನಲೇ?"

"ಅದೂ ದೀಪಾನ ಅಲ್ಲೇನಬೇ ಯವ್ವಾ!" ಅಂತ ಅಪ್ಪ ನಗುತ್ತಿದ್ದ.

ಬಿಚ್ಚಿದ ಗಾಜಿನ ಉಬ್ಬುಗೆರೆಗಳ ಮೇಲೆ ಬೆರಳಾಡಿಸಿಯೇ ಅಪ್ಪ ಇದು ಜೀಪಿನದು, ಇದು ಲಾರಿಯದು ಎನ್ನುತ್ತಿದ್ದ. ಲಿಂಗಸುಗೂರಿನ ಡ್ರೈವರುಗಳು ಬೆರಗಾಗುತ್ತಿದ್ದರು. ನನಗೂ ಅದು ಜಾದೂ.

ಒಂದು ಮಧ್ಯಾಹ್ನ ಶಾಲೆಯಿಂದ ಬಂದೆ. ಅಪ್ಪ ಹೆಡ್‌ಲೈಟನ್ನು ಬ್ಯಾಟರಿಗೆ ಜೋಡಿಸಿ ಮುಖದೆದುರು ಹಿಡಿದಿದ್ದ. ಬೆಳಕು ನೇರ ಕಣ್ಣಿಗೆ ಬಿದ್ದರೂ ರೆಪ್ಪೆ ಅಲುಗಲಿಲ್ಲ.

"ಹತ್ತೈತೇನವಾ?" ಎಂದು ಕೇಳಿದ.

ಅಪ್ಪನ ಜಾದೂ ಏನೆಂದು ಆಗ ತಿಳಿಯಿತು.

"ಹತ್ತೈತಪ್ಪಾ. ಭಾಳ ಚಲೋ ಹತ್ತೈತಿ."

"ನಿಮ್ಮಜ್ಜಿಗೆ ಹೇಳಬ್ಯಾಡ."

ನಾನು ಹೇಳಲಿಲ್ಲ. ಆದರೆ ಕೆಲವೇ ದಿನಗಳಲ್ಲಿ ಅಜ್ಜಿ ಬೈಯುವುದನ್ನು ಬಿಟ್ಟಳು. ತಾನೇ ವಿಭೂತಿ ನೆನೆಸಿ, ಅಪ್ಪನ ಕೈ ಹಿಡಿದು, ಅಂಗೈಯಲ್ಲಿ ಇಡತೊಡಗಿದಳು.

ನಿನ್ನೆ ನಾನೂ ಕಣ್ಣು ಮುಚ್ಚಿ ಆ ಗಾಜಿನ ಮೇಲೆ ಬೆರಳಾಡಿಸಿದೆ. ಯಾವ ಗಾಡಿಯದೆಂದು ತಿಳಿಯಲಿಲ್ಲ. ಕೇಳಲು ಅಪ್ಪನಿಲ್ಲ.