ಸೀನಿದರೂ ನಿಲ್ಲದ ವಿಮಾನ

ಗೆಳೆಯರೇ, ಇಂದು ನವನಗರದ ನಮ್ಮ ಪಡಸಾಲೆಯಿಂದ ವಿಮಾನವೊಂದು ಮೇಲೇರಿತು. ಪೈಲಟ್ ತರಬೇತಿಯಲ್ಲಿರುವ ಅಣ್ಣನ ಮಗಳು ಸಹನಾ ರಜೆಗೆ ಬಂದಿದ್ದಾಳೆ. ವೇಗ ಐವತ್ತೈದು ನಾಟ್ ಮುಟ್ಟುವ ಮೊದಲೇ ವಿಮಾನದ ಮೂಗು ಎತ್ತುವುದು ಅವಳ ತಪ್ಪು. ಸೋಮವಾರದ ಪರೀಕ್ಷೆಯಲ್ಲೂ ಹಾಗೇ ಮಾಡಿದರೆ ಒಬ್ಬಳೇ ಹಾರಲು ಬಿಡುವುದಿಲ್ಲವಂತೆ. ಆದ್ದರಿಂದ ಕುರ್ಚಿಯೇ ವಿಮಾನ, ಲಟ್ಟಣಿಗೆಯೇ ಎಳೆದರೆ ಮೂಗೇಳುವ ಹಿಡಿಕೆ, ವೇಗ ಕೂಗುವ ಗುರು ನಾನು.

“ನಲವತ್ತು!” ಎಂದೆ. ಲಟ್ಟಣಿಗೆ ಆಗಲೇ ಎದೆಗೆ ಬಂತು.

“ಅವಸರ ಯಾಕವಾ? ಬಸ್ಸಿನ್ಯಾಗ ಸೀಟು ಹಿಡಿಯಾಕ ಹೊಂಟಿಯೇನು?”

“ಇನ್ನೊಮ್ಮಿ, ಕಾಕಾ,” ಎಂದು ಹಲ್ಲು ಕಚ್ಚಿ ಕೂತಳು. ಬೆಳಗಿನಿಂದ ಇದೇ ಮಾತು.

ಈ ಸಲ ಐವತ್ತು ದಾಟಿದರೂ ಕೈ ಅಲುಗಲಿಲ್ಲ. “ಐವತ್ತೈದು!” ಎಂದು ಕೂಗಿದ್ದೇ ತಡ, ಒಗ್ಗರಣೆಯ ಘಾಟಿಗೆ ಗುರುಗಳು ಸೀನಿಬಿಟ್ಟರು.

ಅವಳ ಆಯಿ, ಅಂದರೆ ನಮ್ಮವ್ವ, ತಂಬಿಗೆ ಹಿಡಿದು ಓಡಿಬಂದಳು. “ನಿಂದ್ರ! ಹೊಂಡೂ ಮುಂದ ಸೀನ್ಯಾನ. ನೀರು ಕುಡದು ಹೋಗು.”

ಸಹನಾ ತಿರುಗಿಯೂ ನೋಡದೆ ಲಟ್ಟಣಿಗೆ ಎಳೆದು ಮೆಲ್ಲಗೆ ವಿಮಾನದ ಮೂಗೆತ್ತಿದಳು. “ಆಯಿ, ವೇಗ ಬಂದೈತಿ, ಗಾಲಿ ನೆಲಾ ಬಿಟ್ಟಾವು. ಈಗ ನಿಲ್ಲಸಾಕ ಬರೂದಿಲ್ಲ!”

ಅವ್ವ ಕ್ಷಣ ಯೋಚಿಸಿ ತೀರ್ಪಿತ್ತಳು: “ಹಂಗಾರ ಹೋಗವಾ. ಶಕುನ ಹೊಸ್ತಿಲದಾಗ ನೋಡೂದು, ಮ್ಯಾಲಲ್ಲ.”

ಶಿಷ್ಯೆ ಪಾಸು. ನಾಳೆ ಅವಳು ನಿಜವಾಗಿ ತರಬೇತಿಗೆ ಹೊರಡುವಾಗ ಮಾತ್ರ ಗುರುಗಳು ಮೂಗಿಗೆ ಟವೆಲ್ ಕಟ್ಟಿಕೊಂಡು ಹಿತ್ತಲಲ್ಲಿರಬೇಕೆಂದು ಆಜ್ಞೆಯಾಗಿದೆ.