ಕೊತ್ತತ್ತಿಯ ಕುಸ್ತಿ ಹುಚ್ಚ

ನಮ್ಮ ಪಕ್ಕದ ಮನೆಯ ಕರಿಸಿದ್ದಯ್ಯ ಜನ್ಮದಲ್ಲಿ ಒಮ್ಮೆಯೂ ಗರಡಿಯ ಮಟ್ಟಿಯ ಮಣ್ಣಿಗೆ ಇಳಿದವನಲ್ಲ. ಎಮ್ಮೆಕರು ಹಗ್ಗ ಜಗ್ಗಿದರೆ ಮುಗ್ಗರಿಸುವ ಆಸಾಮಿ. ಆದರೂ ಕೊತ್ತತ್ತಿಯಲ್ಲಿ ಕುಸ್ತಿಯ ಮಾತು ಬಂದರೆ ಅವನ ಮುಂದೆ ಯಾರೂ ಬಾಯಿ ಬಿಡುವ ಹಾಗಿರಲಿಲ್ಲ.

ಹಾಗೆಂದು ಕುಸ್ತಿಯನ್ನಾದರೂ ನೆಟ್ಟಗೆ ನೋಡುತ್ತಿದ್ದನೆ? ಅದೂ ಇಲ್ಲ. ದಸರೆಗೆ ಮೈಸೂರಿಗೆ ಹೋದರೆ, ಜೋಡಿ ಕೈಕುಲುಕುವ ಹೊತ್ತಿಗೇ ನಮ್ಮ ಕಡೆ ತಿರುಗಿ, ಇವನು ಬೆಳಿಗ್ಗೆ ಎಷ್ಟು ಬಾದಾಮಿ ತಿಂದ, ಅವನ ಉಸ್ತಾದನಿಗೂ ಇವನ ಉಸ್ತಾದನಿಗೂ ಯಾಕೆ ಮಾತಿಲ್ಲ, ಮಟ್ಟಿಯ ಕೆಮ್ಮಣ್ಣಿಗೆ ಯಾವ ಎಣ್ಣೆ ಬೆರೆಸಿದ್ದಾರೆ ಎಂದು ಶುರು ಮಾಡುವನು. ಅಷ್ಟರಲ್ಲಿ ಒಬ್ಬ ಚಿತ್ ಆಗಿರುತ್ತಿದ್ದ. ಗೆದ್ದವರು ಯಾರೆಂದು ಇವನು ನಮ್ಮನ್ನೇ ಕೇಳಬೇಕು.

"ಗೆಲ್ಲೋದು ಸೋಲೋದು ಪ್ಯಾಟೆಯೋರ್ ನೋಡೋದು ಕಣ್ಲಾ. ಕುಸ್ತಿ ಇರೋದು ಊಟ್ದಲ್ಲಿ, ನೇಮ್ದಲ್ಲಿ" ಎನ್ನುತ್ತಿದ್ದ ಮಹಾರಾಯ.

ಈ ಹುಚ್ಚು ಅವನೊಬ್ಬನದೇ ಆಗಿದ್ದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. ಮಗಳು ಚಲುವಮ್ಮ ಮದುವೆಯ ವಯಸ್ಸಿಗೆ ಬಂದಳು. ಯುದ್ಧ ನಡೆದು ಸೀಮೆಎಣ್ಣೆಗೂ ಬರ ಬಂದಿದ್ದ ಕಾಲ. ಕೆರಗೋಡಿನ ಪೈಲ್ವಾನ ಶಿವಯ್ಯ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಗಾಡಿ ಹೊಡೆಯುತ್ತಿದ್ದ. ಕರಿಸಿದ್ದಯ್ಯ ಹುಡುಗನ ಹೊಲ ನೋಡಲಿಲ್ಲ, ಮನೆ ನೋಡಲಿಲ್ಲ; ಮಟ್ಟಿಯಲ್ಲಿ ಉಜ್ಜಿ ಉಜ್ಜಿ ಮುರುಟಿದ್ದ ಕಿವಿ ನೋಡಿ ವೀಳ್ಯ ಬದಲಾಯಿಸಿಕೊಂಡು ಬಂದ. ಪುಣ್ಯಕ್ಕೆ ಹುಡುಗ ಒಳ್ಳೆಯವನು. ಚಲುವಮ್ಮನಿಗೂ ಮನಸ್ಸಾಯಿತು.

ಆಮೇಲೆ ಅವನಿಗೆ ಜ್ಞಾನೋದಯವಾಯಿತು. ಹನುಮಂತರಾಯನ ಹೆಸರಿನಲ್ಲಿ ಲಂಗೋಟಿ ಕಟ್ಟಿದವನು ಹೆಂಗಸರಿಂದ ದೂರ ಇರಬೇಕು ಎನ್ನುವುದು ಗರಡಿಯ ನೇಮ. "ಈಗ್ಲೇ ಲಗ್ನ ಮಾಡಿದ್ರೆ ಉಡುಗನ್ ತ್ವಾಳು ಇಳ್ದೋಯ್ತದೆ. ದಸರಾ ಕಳೀಲಿ" ಎಂದ. ದಸರೆಯಲ್ಲಿ ಶಿವಯ್ಯ ಗೆದ್ದ. ಗೆಲ್ಲುತ್ತಿರುವಾಗ ಕೆಡಿಸಬಾರದು ಎಂದ. ಮುಂದಿನ ದಸರೆಯಲ್ಲಿ ಸೋತ. ಸೋತ ಮುಖದಲ್ಲಿ ಹಸೆಗೆ ಕೂರಿಸುವುದೆ ಎಂದ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವ ಹಾಗಾಯಿತು.

ಮನೆಯ ಎಮ್ಮೆಯ ಹಾಲೆಲ್ಲ ಕೆರಗೋಡಿಗೆ. ಚಲುವಮ್ಮನಿಗೆ ಮುದ್ದೆ, ನೀರುಮಜ್ಜಿಗೆ. ಅವಳ ಓರಗೆಯವರು ಕಂಕುಳಲ್ಲಿ ಕೂಸು ಹೊತ್ತು ನಾಲೆಗೆ ಬಟ್ಟೆ ಒಗೆಯಲು ಬರುತ್ತಿದ್ದರು. ಹುಡುಗಿಯಲ್ಲೇ ಏನೋ ಐಬಿರಬೇಕು ಎಂದು ಊರು ಮಾತಾಡಿಕೊಂಡಿತು. ಹೆಂಡತಿ ಮಹದೇವಮ್ಮ ಅತ್ತಳು, ಬೈದಳು. ಅವನು ಶಿವಯ್ಯನಿಗೆ ತುಪ್ಪ ಸಾಲದೆಂದು ಚಿಂತೆ ಮಾಡಿದ.

ಕೊನೆಗೆ ಶಿವಯ್ಯನೇ ಬಂದು ಜಗಲಿಯ ಮುಂದೆ ನಿಂತ. ನಾನೂ ಅಲ್ಲೇ ಇದ್ದೆ.

"ಮಾವ, ಲಂಗೋಟಿ ಬಿಚ್ಚಿ ಅನುಮಂತರಾಯನ್ ಮುಂದೆ ಮಡಗಿ ಬಂದಿವ್ನಿ. ಗರಡಿ ಬುಟ್ಟೆ. ಇನ್ನು ಲಗ್ನ ಮಾಡ್ಕೊಡಿ."

ಕರಿಸಿದ್ದಯ್ಯ ಹಾವು ತುಳಿದವನಂತೆ ಎದ್ದ. "ಗರಡಿ ಬುಟ್ಟೋನ್ಗೆ ಎಣ್ಣು ಯಾಕ್ಲಾ ಕೊಡ್ಲಿ? ನಾನೊಪ್ಪಿದ್ದು ಪೈಲ್ವಾನ್ನ!"

ನನಗೆ ಅಸಹ್ಯವಾಯಿತು. ನಾನು ಬಾಯಿ ತೆರೆಯುವ ಮೊದಲೇ ಚಲುವಮ್ಮ ಹೊಸ್ತಿಲು ದಾಟಿ ಬಂದಳು.

"ನೀನೊಪ್ಪಿದ್ದು ಪೈಲ್ವಾನ್ನ ಕಣಪ್ಪ. ನಾನೊಪ್ಪಿದ್ದು ಇವರ್ನ. ನಾನು ಓಯ್ತೀನಿ."

ಮಹದೇವಮ್ಮ ಅಳುತ್ತಲೇ ಮಗಳಿಗೆ ಮಡಿಲಕ್ಕಿ ತುಂಬಿದಳು. ಕೆರಗೋಡಿನ ಗುಡಿಯಲ್ಲಿ ತಾಳಿ ಕಟ್ಟಿಸಿದೆವು. ಅಪ್ಪ ಬರಲಿಲ್ಲ.

ಹಿಂತಿರುಗಿ ಬಂದಾಗ ಅವನು ಜಗಲಿಯ ಮೇಲೆ ಮೊಣಕಾಲಿನಲ್ಲಿ ಮುಖವಿಟ್ಟು ಬಿಕ್ಕಳಿಸುತ್ತಿದ್ದ. ಎಷ್ಟಾದರೂ ಹೆತ್ತ ಕರುಳು ಎಂದು ನನಗೂ ಕನಿಕರ ಬಂತು. ಪಕ್ಕದಲ್ಲಿ ಕೂತು, "ಅಳ್ಬೇಡ ಬುಡಣ್ಣ, ಸುಕ್ವಾಗಿರ್ತಾಳೆ" ಎಂದೆ.

ಅವನು ತಲೆಯೆತ್ತಿ ನೋಡಿದ. "ಅವ್ಳಿಗೇನ್ಲಾ ದಾಡಿ? ಅಂಥಾ ತ್ವಾಳು ಕಣ್ಲಾ ಶಿವಯ್ಯಂದು... ಬರೋ ದಸರಾಕ್ಕೆ ನಾನ್ಯಾರನ್ನ ಕರ್ಕೊಂಡೋಗ್ಲಿ?"

ಥೂ ಎಂದು ಎದ್ದು ಬಂದೆ.