ಮಾಣಿಕಪ್ಪನಿಗೆ ನಾನು ಕೊಡದ ಚೀಟಿ

ಸುಳ್ಳು ಸುದ್ದಿ ಇರಬೇಕು ಅಂದುಕೊಂಡೆ...
ಹೋದ ವರ್ಷವೂ ಯಾರೋ ಹೀಗೇ ಹಬ್ಬಿಸಿದ್ದರು.
ಆಗ ಅವನೇ ಫೋನ್ ಮಾಡಿ, "ಇನ್ನಾ ಇದ್ದೀನಪ್ಪ, ನೀ ಖುಷಿ ಆಗಬ್ಯಾಡ" ಅಂತ ನಕ್ಕಿದ್ದ.
ಇವತ್ತು ಬೆಳಿಗ್ಗೆಯೂ ಅವನ ನಂಬರಿನಿಂದಲೇ ಕಾಲ್ ಬಂತು.
ಮಾತಾಡಿದ್ದು ಅವನ ಮಗ...

ತತ್ವಪದಗಳ ಗಾಯಕ ಮಾಣಿಕಪ್ಪ ಇನ್ನಿಲ್ಲವಂತೆ.

ಆಗಿನಿಂದ ನಿಮ್ಮೆಲ್ಲರ ಪೋಸ್ಟ್ ನೋಡುತ್ತಿದ್ದೇನೆ.
ದೈವದತ್ತ ಕಂಠವಂತೆ... ತುಂಬಲಾರದ ನಷ್ಟವಂತೆ...
ಒಂದಕ್ಕೂ ಲೈಕ್ ಒತ್ತಲಿಲ್ಲ.
ಯಾಕೆಂದರೆ ನನಗೆ ಹೊಟ್ಟೆಕಿಚ್ಚು.
ಇವತ್ತಿನದಲ್ಲ... ಐವತ್ತಾರರಲ್ಲಿ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗಿನಿಂದ ಇರುವ ಹೊಟ್ಟೆಕಿಚ್ಚು.

ಆಗ ನಮ್ಮಿಬ್ಬರಿಗೂ ಹದಿಮೂರು ವರ್ಷ.
ನಾನು ಭಾಲ್ಕಿಯವನು. ನಮ್ಮ ಮನೆಯಲ್ಲಿ ಪೇಟಿ ಇತ್ತು, ಅಂದರೆ ಹಾರ್ಮೋನಿಯಂ. ಕಲಿಸಲು ಔರಾದದಿಂದ ಮಾಸ್ತರರೊಬ್ಬರು ಬರುತ್ತಿದ್ದರು.
ಮಾಣಿಕ ಖಟಕ ಚಿಂಚೋಳಿಯ ಕುರಿ ಕಾಯುವವರ ಮನೆಯವನು. ಕಮಲನಗರದ ಸೋದರಮಾವನ ಮನೆಯಲ್ಲಿದ್ದು ಮರಾಠಿ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನ ತನಕ ಓದಿದ್ದ. ಮನೆಮಾತು ಕನ್ನಡವೇ, ಆದರೆ ಕನ್ನಡ ಓದಲು ಬರುತ್ತಿರಲಿಲ್ಲ.
ಹಾಡು?
ಅದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ನನ್ನ ಸಿಟ್ಟೇ ಅದು.

ಹೊಸ ರಾಜ್ಯದ ಸಮಾರಂಭ ಭಾಲ್ಕಿಯಲ್ಲಿತ್ತು. ಮೈಸೂರು ಕಡೆಯ ಸಾಹೇಬರೊಬ್ಬರು ಬರುವವರಿದ್ದರು. ನಮ್ಮ ಮಾಸ್ತರರು ಸ್ವಾಗತಕ್ಕೊಂದು ಹಾಡು ಕಟ್ಟಿದರು. ಹಾಡುವವನು ನಾನೇ ಎಂದು ಗಟ್ಟಿಯಾಗಿತ್ತು... ಹೊಸ ಟೋಪಿ ಕೂಡ ಹೊಲಿಸಿದ್ದರು ಅಪ್ಪ.

ಅಷ್ಟರಲ್ಲಿ ಮಾಸ್ತರರು ಚಿಂಚೋಳಿಗೆ ಒಂದು ಮಣ್ಣಿಗೆ, ಅಂದರೆ ಶವಸಂಸ್ಕಾರಕ್ಕೆ, ಹೋದರು. ಸತ್ತವರನ್ನು ಕೂಡಿಸಿ ಮುಂದೆ ಭಜನೆ ಮಾಡುವುದು ನಮ್ಮ ಕಡೆಯ ರೂಢಿ. ಅಲ್ಲಿ ಮಾಣಿಕ ತೀರಿಕೊಂಡ ತನ್ನ ಅಜ್ಜಿಯ ಮುಂದೆ ಕೂತು ಹಾಡುತ್ತಿದ್ದ...
ಮರಳಿ ಬಂದವರೇ ಮಾಸ್ತರರು ನನಗೆ ಹೇಳಿದರು: "ಶರಣ್ಯಾ, ನೀ ಪೇಟಿ ಬಾರಿಸು. ಹಾಡು ಅಂವ ಹಾಡ್ತಾನ."
"ಪೇಟಿ ನಂದದರಿ, ಮಾಸ್ತರ್..."
"ನಿಂದೇ ಅದಲ್ಲ, ಬಾರಿಸು ಮತ್ತ."

ಮಾಣಿಕಾ... ಮುಂದಿನದನ್ನು ನಿನಗೇ ಹೇಳುತ್ತೇನೆ.
ಇಷ್ಟು ವರ್ಷ ಹೇಳದೆ ಉಳಿಸಿಕೊಂಡದ್ದು.

ಹಾಡಿನ ಮೂರು ನುಡಿ, ಅಂದರೆ ಚರಣ, ನಿನಗೆ ಬಾಯಿಪಾಠವಾಗಿದ್ದವು. ನಾಲ್ಕನೆಯದನ್ನು ಮಾಸ್ತರರು ಸಮಾರಂಭದ ದಿನ ಬೆಳಿಗ್ಗೆ ಕಟ್ಟಿದರು. "ಮರಾಠಿ ಅಕ್ಷರದಾಗ ಬರದು ಪೇಟಿ ಮ್ಯಾಲ ಇಡು. ಅಂವ ನೋಡಿ ಹಾಡ್ತಾನ" ಎಂದು ನನಗೆ ಒಪ್ಪಿಸಿದರು.
ಬರೆದೆ... ಚೆಂದವಾಗಿಯೇ ಬರೆದೆ.
ಬರೆದು ಜೇಬಿಗೆ ಹಾಕಿಕೊಂಡೆ.

ಮೂರನೆಯ ನುಡಿ ಮುಗಿಸಿ ನೀನು ಪೇಟಿಯ ಮೇಲೆ ಬಗ್ಗಿ ನೋಡಿದೆ. ಚೀಟಿ ಇರಲಿಲ್ಲ.
ನನ್ನ ಮುಖ ನೋಡಿದೆ. ನಾನು ತಲೆ ಎತ್ತಲಿಲ್ಲ.
ಈಗ ನಿಲ್ಲುತ್ತಾನೆ... ಈಗ ಜನ ನಗುತ್ತಾರೆ... ಎಂದು ಕಾದೆ.

ನೀನು ನಿಲ್ಲಲಿಲ್ಲ.
ಕಣ್ಣು ಮುಚ್ಚಿ, ಸಂಜೆ ಕುರಿ ಕರೆಯುವ ಆ ಕೂಗನ್ನೇ ಅದೇ ಶ್ರುತಿಯಲ್ಲಿ ಎತ್ತಿದೆ... "ಹೋ... ಹೋ..."
ಒಂದು ಮಾತಿಲ್ಲ, ಬರೀ ದನಿ.
ಮುಂದೆ ಕೂತ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ನಮ್ಮ ಕನ್ನಡ ಅರ್ಧವೂ ತಿಳಿಯದ ಆ ಸಾಹೇಬರು ಎದ್ದು ನಿಂತರು.
ನನ್ನ ಬೆರಳುಗಳೂ ನನ್ನ ಮಾತು ಕೇಳದೆ ನಿನ್ನ ಹಿಂದೆಯೇ ಬಂದವು.

ಮಾಸ್ತರರು ನನ್ನ ಕಡೆ ಬರುವುದರೊಳಗೆ ನೀನೇ ಅಂದೆ: "ಚೀಟಿ ಗಾಳಿಗಿ ಹಾರಿ ಹೋಯ್ತರಿ."
ನಿನಗೆ ಕೊಟ್ಟ ಪೇಢೆಯಲ್ಲಿ ಅರ್ಧ ಮುರಿದು ನನ್ನ ಕೈಯಲ್ಲಿಟ್ಟೆ. "ತಿನ್ನೋ ಶರಣ್ಯಾ. ಪೇಟಿ ಭಾರಿ ಬಾರಿಸ್ದಿ."
ಪಾಪದವನು, ಗಾಳಿಗೆ ಹಾರಿತೆಂದು ನಂಬಿದ್ದಾನೆ ಅಂದುಕೊಂಡೆ.

ಆ ಸಾಹೇಬರೇ ನಿನ್ನನ್ನು ಬೀದರಿಗೆ ಕರೆದೊಯ್ದು ಸಂಗೀತಕ್ಕೆ ಹಚ್ಚಿದರು.
ಆಮೇಲೆ ರೇಡಿಯೊ... ಕ್ಯಾಸೆಟ್... ಊರೂರಲ್ಲಿ ಶಾಲು, ಹಾರ...
ಮೂರು ನುಡಿ ಆದ ಮೇಲೆ ಬರುವ ಆ ಕೂಗೇ ನಿನ್ನ ಗುರುತಾಯಿತು. ಬಗದಲ್‌ನಿಂದ ಔರಾದದ ತನಕ ಜನ ಅದಕ್ಕಾಗಿಯೇ ಕಾದು ಕೂತಿರುತ್ತಿದ್ದರು.
ಬೀಳಿಸಲು ಹೋದ ನಾನೇ ನಿನ್ನನ್ನು ಎತ್ತಿ ಕೂಡಿಸಿದ್ದೆ. ಹೊಟ್ಟೆ ಉರಿಯದೆ ಇರುತ್ತದೇನೋ?

ನಾನು ಕನ್ನಡ ಮಾಸ್ತರನಾದೆ. ಆ ದಿನದ ನಂತರ ಹಾಡಲಿಲ್ಲ.
ಯಾವ ಮದುವೆಗೆ ಹೋದರೂ, "ಮಾಣಿಕಪ್ಪನವರ ದೋಸ್ತ್ ಅಂತಲ್ರಿ ನೀವು?" ಅಂತ ಕೇಳುವವರೇ.
ನಿನ್ನ ಕ್ಯಾಸೆಟ್ಟನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ನನ್ನ ಹೆಂಡತಿ ಪಕ್ಕದ ಮನೆಗೆ ಹೋಗಿ ಕೇಳುತ್ತಿದ್ದಳು.
ನಾನು ಗೋಡೆಗೆ ಕಿವಿ ಹಚ್ಚಿ ಕೇಳುತ್ತಿದ್ದೆ...

ಇವತ್ತು ಬೆಳಿಗ್ಗೆ ನಿನ್ನ ಮಗ ಹೇಳಿದ:
"ಕಾಕಾ, ಮಣ್ಣು ನಾಳಿ ಮುಂಜಾನಿ ಅದರಿ, ಚಿಂಚೋಳ್ಯಾಗ. ಭಜನಿದಾಗ ನೀವು ಒಂದು ನುಡಿ ಹಾಡಬೇಕಂತ ಅಪ್ಪ ಹೇಳ್ಯಾರ್ರಿ."
"ಯಾವ ನುಡಿಯೋ?"
"ನಾಕನೇದು ಅಂದ್ರರಿ. ಅದೇನಂತ ಕೇಳ್ದೆ, ನಕ್ಕರು. ಅವನ ಜೇಬಿನಾಗ ಅದ, ಅಂವ ತರ್ತಾನ ಅಂದ್ರು."

ಜೇಬಿನಲ್ಲಿ...
ಆವತ್ತೇ ನಿನಗೆ ಗೊತ್ತಿತ್ತು. ಗೊತ್ತಿದ್ದೂ ಪೇಢೆ ಮುರಿದು ಕೊಟ್ಟೆ.
ಹದಿಮೂರು ವರ್ಷಕ್ಕೆ ಅಷ್ಟು ದೊಡ್ಡವನಾಗು ಅಂತ ನಿನಗೆ ಯಾರು ಹೇಳಿದ್ದರೋ?
ಇದಕ್ಕೂ ನನಗೆ ಹೊಟ್ಟೆಕಿಚ್ಚೇ.

ಈಗ ತಾನೆ ಪೇಟಿ ಬಿಚ್ಚಿ, ಆವತ್ತು ಅದರೊಳಗೆ ಬಚ್ಚಿಟ್ಟಿದ್ದ ಚೀಟಿ ಹೊರಗೆ ತೆಗೆದೆ. ಮಡಿಕೆ ಹರಿದಿದೆ. ಅಕ್ಷರಗಳು ಇನ್ನೂ ಕಾಣುತ್ತವೆ.

"ತಡವಾಗಿ ಬಂದೇವು ತಾಯಿ, ಬಾಗಿಲು ತೆರಿಯವ್ವ
ದೂರ ಇದ್ದ ಮಕ್ಕಳ ಒಳಗ ಕರಿಯವ್ವ"

ನಾಳೆ ಮೊದಲ ಬಸ್ಸಿಗೇ ಬರುತ್ತೇನೆ.
ದನಿ ನಡುಗುತ್ತದೆ, ಶ್ರುತಿ ತಪ್ಪುತ್ತದೆ... ನಗಬೇಡ.
ಹಾಡಿ ಮುಗಿಸಿ ಚೀಟಿಯನ್ನು ನಿನ್ನ ಕೈಗೇ ಕೊಡುತ್ತೇನೆ.

ಹೋಗಿ ಬಾ ದೋಸ್ತ್... ನಿನ್ನ ಜೀವ ತಣ್ಣಗಿರಲಿ.
ನನ್ನದೂ ಆಗಲಿ.